ಉಪ್ಪು ತಿಂದ ನಳಿಗೆಗೆ ನೀರು ಕುಡಿಸಿ

ಗುಂಡು ಹಾರಿಸಿ ಬಂದ ಸಂಜೆಯೇ ರೈಫಲ್ ಬಿಚ್ಚಿದ್ದಾಗಿದೆ. ಸಾಲ್ವೆಂಟ್ ಹಾಕಿ, ಬ್ರಷ್ ಎಳೆದು, ಬಟ್ಟೆ ತುಂಡು ಬೆಳ್ಳಗೆ ಹೊರಬರುವವರೆಗೆ ಉಜ್ಜಿ, ಒಳ್ಳೆಯ ಗನ್ ಆಯಿಲ್ ಸವರಿ ಒಳಗಿಟ್ಟಿದ್ದೂ ಆಗಿದೆ. ವಾರ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ಕನ್ನಡಿಯಂತಿದ್ದ ನಳಿಗೆಯೊಳಗೆ ಕಂದು ಬಣ್ಣದ ತೆಳು ಪೊರೆ. ಉಜ್ಜಿದರೆ ಹೋಗುತ್ತದೆ, ಇನ್ನೊಂದು ವಾರಕ್ಕೆ ಮರಳುತ್ತದೆ. ಮೂರನೆಯ ಸಲಕ್ಕೆ ಪೊರೆಯ ಕೆಳಗೆ ಸೂಜಿಮೊನೆಯಷ್ಟು ಗುಳಿಗಳು. ಹಳೆಯ ಮಿಲಿಟರಿ ತೋಟಾ ಬಳಸುವವರಲ್ಲಿ ಹಲವರು ಈ ಪಾಠವನ್ನು ಹೀಗೆಯೇ ಕಲಿತಿರುತ್ತಾರೆ. ಅವರು ಸೋಮಾರಿಗಳೇನಲ್ಲ. ಮಸಿ ತೆಗೆಯುವ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ನಳಿಗೆಯಲ್ಲಿ ಮಸಿಯ ಜೊತೆಗೆ ಉಪ್ಪೂ ಇತ್ತು, ಅದು ಇದ್ದಲ್ಲೇ ಉಳಿಯಿತು.

ಇಂಥ ತೋಟಾಗಳಿಗೆ 'ಕೊರೋಸಿವ್', ಅಂದರೆ ತುಕ್ಕು ಹಿಡಿಸುವ ತೋಟಾ ಎನ್ನುತ್ತಾರೆ. ಹಾಗೆಂದಾಗ ಗುಂಡಿನಲ್ಲೋ ಮದ್ದಿನಲ್ಲೋ ಏನೋ ಆಮ್ಲವಿದೆ ಎಂದು ತೋರುತ್ತದೆ. ಹಾಗೇನಿಲ್ಲ. ತಕರಾರಿರುವುದು ತೋಟಾದ ಹಿಂಬದಿಯ ನಡುವೆ ಕೂತಿರುವ ಪುಟ್ಟ ಲೋಹದ ಬಟ್ಟಲಿನಲ್ಲಿ, ಅಂದರೆ ಪ್ರೈಮರಿನಲ್ಲಿ. ಹಳಬರು ಕೇಪು ಎನ್ನುತ್ತಿದ್ದುದರ ವಂಶದ್ದೇ ಅದು. ಫೈರಿಂಗ್ ಪಿನ್ ಬಡಿದಾಗ ಅದರೊಳಗಿನ ಸೂಕ್ಷ್ಮ ಮಿಶ್ರಣ ಹೊತ್ತಿ, ಆ ಕಿಡಿ ಮದ್ದಿಗೆ ತಗಲಿ, ಗುಂಡು ಹೊರಡುತ್ತದೆ. ಹಳೆಯ ಮಿಶ್ರಣಗಳಲ್ಲಿ ಆಮ್ಲಜನಕ ಒದಗಿಸುತ್ತಿದ್ದದ್ದು ಪೊಟ್ಯಾಸಿಯಂ ಕ್ಲೋರೇಟ್. ಉದಾಹರಣೆಗೆ, ಅಮೆರಿಕ ಸೇನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೇರಳವಾಗಿ ಬಳಸಿದ ಎಫ್‌ಎ-70 ಎಂಬ ಪ್ರೈಮರಿನ ಮಿಶ್ರಣದಲ್ಲಿ ಶೇ 53ರಷ್ಟು ಇದೇ ಇತ್ತು.

ಕ್ಲೋರೇಟ್ ತನ್ನ ಆಮ್ಲಜನಕವನ್ನೆಲ್ಲ ಬೆಂಕಿಗೆ ಕೊಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದ ಮುಖ್ಯ ಸರಕು ಇದೇ, ರಕ್ತದೊತ್ತಡದವರಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಇದೇ ಇರುತ್ತದೆ. ಅಡುಗೆ ಉಪ್ಪಿನ ಅಣ್ಣತಮ್ಮ. ತೂಕದ ಲೆಕ್ಕ ಹಿಡಿದರೆ ಕ್ಲೋರೇಟಿನ ಶೇ 61ರಷ್ಟು ಭಾಗ ಹೀಗೆ ಉಪ್ಪಾಗುತ್ತದೆ. ಗುಂಡು ಹಾರುವ ಬಿಸಿಗೆ ಅದು ಆವಿಯಾಗಿ, ಅನಿಲದ ಜೊತೆ ನಳಿಗೆಯುದ್ದಕ್ಕೂ ಹರಿದು, ತಣ್ಣನೆಯ ಉಕ್ಕು ಸಿಕ್ಕಲ್ಲಿ ಸೂಕ್ಷ್ಮ ಹರಳಾಗಿ ಕೂರುತ್ತದೆ. ಅನಿಲ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಉಪ್ಪೂ ಹೋಗಿದೆ. ಮುಂದೆ ಶುಚಿ ಮಾಡುವಾಗ ಬೇಕಾಗುವುದು ಈ ಒಂದೇ ಸೂತ್ರ.

ಉಪ್ಪು ಒಣಗಿರುವಷ್ಟು ಹೊತ್ತು ಸುಮ್ಮನಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 84–85 ದಾಟಿತೆಂದರೆ ಪೊಟ್ಯಾಸಿಯಂ ಕ್ಲೋರೈಡ್ ಗಾಳಿಯಿಂದಲೇ ನೀರೆಳೆದು ತಾನೇ ಕರಗಿಬಿಡುತ್ತದೆ. ಅದಕ್ಕಿಂತ ಕೆಳಗೂ ಅದರ ಮೈಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ. ಆ ಹನಿ ಬರೀ ನೀರಲ್ಲ, ವಿದ್ಯುತ್ ಹರಿಯಬಲ್ಲ ಉಪ್ಪುನೀರು. ಉಕ್ಕಿನ ಮೇಲಿರುವ ತೆಳು ಆಕ್ಸೈಡ್ ಪದರವನ್ನು ಕ್ಲೋರೈಡ್ ಅಲ್ಲಲ್ಲಿ ಒಡೆಯುತ್ತದೆ, ಒಡೆದ ಜಾಗದಲ್ಲಿ ಕಬ್ಬಿಣ ಕರಗತೊಡಗುತ್ತದೆ. ಕರಗಿದ ಕಬ್ಬಿಣ ಕ್ಲೋರೈಡಿನ ಜೊತೆ ಸೇರಿ, ನೀರಿನೊಡನೆ ವರ್ತಿಸಿ, ಆ ಪುಟ್ಟ ಗುಳಿಯೊಳಗೆ ಆಮ್ಲ ಹುಟ್ಟಿಸುತ್ತದೆ. ಕ್ಲೋರೈಡ್ ಮಾತ್ರ ಖರ್ಚಾಗುವುದಿಲ್ಲ, ಮತ್ತೆ ಬಿಡುಗಡೆಯಾಗಿ ಮುಂದಿನ ಕಬ್ಬಿಣಕ್ಕೆ ಕೈಹಾಕುತ್ತದೆ. ಒಂದು ಚಿಟಿಕೆ ಉಪ್ಪು ಇಡೀ ನಳಿಗೆ ಕೆಡಿಸುವುದು ಹೀಗೆ. ತುಕ್ಕನ್ನು ಉಜ್ಜಿ ತೆಗೆದರೂ ವಾರದಲ್ಲಿ ಮರಳುವುದಕ್ಕೆ ಕಾರಣವೂ ಇದೇ: ತುಕ್ಕು ಹೋಗಿದೆ, ಗುಳಿಯ ತಳದ ಉಪ್ಪು ಹೋಗಿಲ್ಲ.

ಇನ್ನು ಎಣ್ಣೆ. ಈ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಪೆಟ್ರೋಲಿಯಂ ಮೂಲದ ಸಾಲ್ವೆಂಟಿನಲ್ಲೂ ಕರಗುವುದಿಲ್ಲ. ಎಣ್ಣೆ ಹಚ್ಚಿದರೆ ಉಪ್ಪಿನ ಹರಳಿಗೆ ಹೊದಿಕೆ ಹೊದಿಸಿದಂತೆ, ಅಷ್ಟೇ. ಎಣ್ಣೆಯ ಪದರದ ಮೂಲಕ ನೀರಾವಿ ನಿಧಾನವಾಗಿಯಾದರೂ ಒಳಗಿಳಿಯುತ್ತದೆ, ಹೊದಿಕೆಯ ಕೆಳಗೇ ತುಕ್ಕು ಬೆಳೆಯುತ್ತದೆ. ನೀರಿನಲ್ಲಾದರೋ ಈ ಉಪ್ಪು ಸಲೀಸಾಗಿ ಕರಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 34 ಗ್ರಾಂ, ಕುದಿಯುವ ನೀರಾದರೆ 56 ಗ್ರಾಂ. ಒಂದು ಲೆಕ್ಕ ಹಾಕಿ ನೋಡಿ. ಪ್ರೈಮರಿಗೆ 10 ಮಿಲಿಗ್ರಾಂ ಕ್ಲೋರೇಟ್ ಎಂದಿಟ್ಟುಕೊಂಡರೆ, ನೂರು ಗುಂಡಿಗೆ ಹುಟ್ಟುವ ಉಪ್ಪು 0.6 ಗ್ರಾಂ. ಒಂದಿಷ್ಟೂ ಹೊರಹೋಗದೆ ಎಲ್ಲವೂ ನಳಿಗೆಯಲ್ಲೇ ಕೂತಿತು ಎಂದುಕೊಂಡರೂ, ಅದನ್ನು ಕರಗಿಸಲು ಎರಡು ಮಿಲಿಲೀಟರ್ ನೀರು ಸಾಕು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಬಂದೂಕಿನ ವಿಷಯದಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು.

ತಪ್ಪಿತಸ್ಥನನ್ನು ಹಿಡಿಯಲು ಹಿಡಿದ ಕಾಲ

ಇಷ್ಟು ಸರಳ ಸಂಗತಿ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕ್ಲೋರೇಟ್ ಬೆರೆತ ಸಿಡಿಮದ್ದಿನಿಂದ ಕೋವಿ ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪೇಟೆಂಟ್ ಪಡೆದದ್ದು 1807ರಲ್ಲಿ. ಆಗ ಬಳಕೆಯಲ್ಲಿದ್ದದ್ದು ಕರಿಮದ್ದು. ಅದು ಸುಟ್ಟಾಗ ಉಳಿಯುವ ಗಸಿ ಎಷ್ಟಿರುತ್ತಿತ್ತೆಂದರೆ, ಪ್ರೈಮರಿನ ಚೂರು ಉಪ್ಪು ಅದರಲ್ಲಿ ಎಲ್ಲೋ ಮುಳುಗಿಹೋಗುತ್ತಿತ್ತು. ಆ ಗಸಿಯೂ ನೀರಿಗೇ ಜಗ್ಗುವಂಥದು, ಹಾಗಾಗಿ ಎಲ್ಲರೂ ನಳಿಗೆಗೆ ಬಿಸಿನೀರು ಹೊಯ್ದೇ ತೊಳೆಯುತ್ತಿದ್ದರು. ಉಪ್ಪೂ ತಾನಾಗಿ ಹರಿದುಹೋಗುತ್ತಿತ್ತು.

1886ರಲ್ಲಿ ಫ್ರಾನ್ಸಿನ ಲೆಬೆಲ್ ರೈಫಲ್ಲಿನೊಂದಿಗೆ ಹೊಗೆಯಿಲ್ಲದ ಮದ್ದು ಸೈನ್ಯಕ್ಕೆ ಬಂತು. ಗಸಿ ಇಲ್ಲ, ನಳಿಗೆ ನೋಡಲು ಚೊಕ್ಕ. ನೀರು ಯಾಕೆ, ಎಣ್ಣೆ ಸವರಿದರಾಯಿತು ಎಂದುಕೊಂಡರು. ತುಕ್ಕಿನ ಹಾವಳಿ ಶುರುವಾದದ್ದು ಆಗಲೇ. ಬರಿಯ ಉಕ್ಕಿನ ಮೇಲೆ ಬರಿಯ ಉಪ್ಪು ಕೂತಿತ್ತು, ಅದನ್ನು ತೊಳೆಯುವ ರೂಢಿ ತಪ್ಪಿತ್ತು. ಜನ ದೂರಿದ್ದು ಹೊಸ ಮದ್ದನ್ನು: ಅದರಿಂದ ನೈಟ್ರಿಕ್ ಆಮ್ಲದಂಥದ್ದೇನೋ ಉಳಿಯುತ್ತದೆ, ಉಕ್ಕಿನ ರಂಧ್ರಗಳಲ್ಲಿ ಅಡಗಿದ್ದು ಆಮೇಲೆ ಬೆವರಿನಂತೆ ಹೊರಬರುತ್ತದೆ ಎಂದೆಲ್ಲ. ಆಮ್ಲಕ್ಕೆ ಮದ್ದು ಕ್ಷಾರ ತಾನೇ? ಹಾಗಾಗಿ ಅಮೋನಿಯ, ಸೋಡ ಇತ್ಯಾದಿಗಳ ದ್ರಾವಣಗಳು ಹುಟ್ಟಿಕೊಂಡವು. ನೀರಿನಲ್ಲಿ ಕಲಸಿದ ದ್ರಾವಣಗಳೆಲ್ಲ ಕೆಲಸ ಮಾಡಿದವು. ಕ್ಷಾರದಿಂದಲ್ಲ, ನೀರಿನಿಂದ. ಕಾರಣ ತಪ್ಪಾಗಿದ್ದರೂ ಫಲ ಸರಿಯಾಗಿದ್ದರಿಂದ ಆ ನಂಬಿಕೆ ಗಟ್ಟಿಯಾಗಿ ಬೇರೂರಿತು, ಇಂದಿಗೂ ಪೂರ್ತಿ ಹೋಗಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬ್ಯೂರೋ ಆಫ್ ಮೈನ್ಸ್ ಸಂಸ್ಥೆಯಲ್ಲಿ ವಿಲ್ಬರ್ಟ್ ಹಫ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ, ಮದ್ದಿನ ಮೇಲಿನ ಆರೋಪ ತೆಗೆದುಹಾಕಿ, ಪ್ರೈಮರಿನ ಪೊಟ್ಯಾಸಿಯಂ ಕ್ಲೋರೈಡನ್ನು ಬೊಟ್ಟುಮಾಡಿ ತೋರಿಸಿದ. ಮುಂದೆ 1920ರ ದಶಕದ ಕೊನೆಯಲ್ಲಿ ಜರ್ಮನಿಯ ಆರ್‌ಡಬ್ಲ್ಯೂಎಸ್‌ ಕಂಪನಿಯ ಸಿನಾಕ್ಸಿಡ್, ಅಮೆರಿಕದ ರೆಮಿಂಗ್ಟನ್‌ನ ಕ್ಲೀನ್‌ಬೋರ್ ಎಂಬ ಹೆಸರಿನಲ್ಲಿ ತುಕ್ಕು ಹಿಡಿಸದ ಪ್ರೈಮರುಗಳು ಮಾರುಕಟ್ಟೆಗೆ ಬಂದವು. ನಾಗರಿಕ ತೋಟಾಗಳು ಬೇಗ ಬದಲಾದವು, ಸೈನ್ಯಗಳು ಬದಲಾಗಲಿಲ್ಲ. ಕ್ಲೋರೇಟ್ ಪ್ರೈಮರ್ ದಶಕಗಟ್ಟಲೆ ಉಗ್ರಾಣದಲ್ಲಿದ್ದರೂ ಕೊರೆಯುವ ಚಳಿಯಲ್ಲಿಯೂ ತಪ್ಪದೆ ಹೊತ್ತಿಕೊಳ್ಳುತ್ತದೆ. ಹೊಸದರ ಬಾಳಿಕೆ ಆಗಿನ್ನೂ ಸಾಬೀತಾಗಿರಲಿಲ್ಲ. ನಳಿಗೆ ತೊಳೆಯಲು ಹೇಗೂ ಸಿಪಾಯಿ ಇದ್ದಾನಲ್ಲ! ಅಮೆರಿಕ ಸೇನೆ ತನ್ನ ದೊಡ್ಡ ರೈಫಲ್ ತೋಟಾಗಳನ್ನು ಪೂರ್ತಿ ಬದಲಿಸಿದ್ದು 1950ರ ದಶಕದಲ್ಲಿ. ಇದಕ್ಕೊಂದು ಸ್ವಾರಸ್ಯದ ಅಪವಾದ .30 ಕಾರ್ಬೈನ್ ಎಂಬ ಹಗುರ ರೈಫಲ್. ಗುಂಡಿನ ಅನಿಲದಿಂದ ಓಡುವ ಅದರ ಗ್ಯಾಸ್ ಪಿಸ್ಟನ್ನನ್ನು ಸಿಪಾಯಿ ಬಿಚ್ಚಕೂಡದು ಎಂಬ ವಿನ್ಯಾಸವಿದ್ದದ್ದರಿಂದ, ಅಮೆರಿಕದಲ್ಲಿ ತಯಾರಾದ ಅದರ ತೋಟಾಗಳು ಮೊದಲಿನಿಂದಲೂ ತುಕ್ಕು ಹಿಡಿಸದವೇ.

ಯಾವುದು ಹೌದು, ಯಾವುದು ಅಲ್ಲ

ಸೋವಿಯತ್ ಮತ್ತು ಪೂರ್ವ ಯುರೋಪಿನ ಹಳೆಯ ದಾಸ್ತಾನಿನ 7.62×54 ಆರ್, ಟೋಕರೆವ್ ಪಿಸ್ತೂಲಿನ 7.62×25, ಯುಗೊಸ್ಲಾವಿಯದ 8 ಮಿ.ಮೀ. ಮೌಸರ್, ಕಾರ್ಡೈಟ್ ಎಂಬ ಮದ್ದು ತುಂಬಿದ ಹಳೆಯ ಬ್ರಿಟಿಷ್ .303 – ಇವು ಸಾಮಾನ್ಯವಾಗಿ ಉಪ್ಪಿನ ತೋಟಾಗಳು. ಸೋವಿಯತ್ ಕಾಲದ 5.45×39 ನೋಡಲು ಹೊಸದರಂತೆ ಕಂಡರೂ ಇದೇ ಗುಂಪಿನದು. ಬರ್ಡನ್ ಪ್ರೈಮರ್ ಇದ್ದರೆ ತುಕ್ಕಿನ ತೋಟಾ, ಬಾಕ್ಸರ್ ಆದರೆ ಅಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ಸುಳ್ಳು. ಅವೆರಡೂ ಪ್ರೈಮರ್ ಕೂರಿಸುವ ಬಗೆಗಳ ಹೆಸರು, ಒಳಗೇನು ತುಂಬಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಫ್‌ಎ-70 ಬಾಕ್ಸರ್ ಪ್ರೈಮರೇ ಆಗಿತ್ತು. ಪೆಟ್ಟಿಗೆಯ ಮೇಲಿನ 'ನಾನ್-ಕೊರೋಸಿವ್' ಎಂಬ ಬರಹವನ್ನೂ, ಮಾರುವವನ ಭರವಸೆಯನ್ನೂ ಹಳೆಯ ದಾಸ್ತಾನಿನ ಮಟ್ಟಿಗೆ ನಾನಂತೂ ನಂಬುವುದಿಲ್ಲ.

ಅನುಮಾನ ತೀರಬೇಕೆಂದರೆ ಪರೀಕ್ಷೆಯೊಂದಿದೆ. ರೀಲೋಡಿಂಗ್, ಅಂದರೆ ಹಾರಿಸಿದ ತೋಟಾವನ್ನು ಮತ್ತೆ ತುಂಬುವ ಕೆಲಸ ಬಲ್ಲವರು ಒಂದು ತೋಟಾದ ಗುಂಡು, ಮದ್ದು ತೆಗೆದು, ಬರೀ ಪ್ರೈಮರಿರುವ ಖಾಲಿ ಕೇಸನ್ನು (ತೋಟಾದ ಲೋಹದ ಕವಚವನ್ನು) ಶೂಟಿಂಗ್ ರೇಂಜಿನಲ್ಲಿ, ಕಣ್ಣು ಕಿವಿಗೆ ರಕ್ಷಣೆ ಹಾಕಿಕೊಂಡು, ಎಣ್ಣೆ ಪಸೆಯಿಲ್ಲದ ಹೊಳೆಯುವ ಉಕ್ಕಿನ ತುಂಡಿನತ್ತ ಹಾರಿಸುತ್ತಾರೆ. ಅಂಥದ್ದೇ ಇನ್ನೊಂದು ತುಂಡನ್ನು ಏನೂ ಮಾಡದೆ ಪಕ್ಕದಲ್ಲಿಟ್ಟು, ಎರಡನ್ನೂ ತೇವದ ಗಾಳಿಯಲ್ಲಿ ಒಂದೆರಡು ದಿನ ಬಿಡುತ್ತಾರೆ. ಒಂದು ಮಾತ್ರ ತುಕ್ಕು ಹಿಡಿದರೆ ಉತ್ತರ ಸಿಕ್ಕಿತು. ಇಷ್ಟೆಲ್ಲ ಬೇಡವೆಂದರೆ, ಹಳೆಯ ಮಿಲಿಟರಿ ಸರಕೆಲ್ಲವನ್ನೂ ಉಪ್ಪಿನದೆಂದೇ ಬಗೆದು ತೊಳೆಯುವುದು ಸುಲಭ.

ತೊಳೆಯುವ ಬಗೆ

ಮೊದಲು ಬಂದೂಕು ಖಾಲಿಯೇ ಎಂದು ನೋಡಬೇಕು. ಮ್ಯಾಗಜೀನ್ ತೆಗೆದು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದು, ತೋಟಾ ಕೂರುವ ಚೇಂಬರಿನೊಳಗೆ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಬಿಚ್ಚುವ ಕ್ರಮ ಆಯಾ ಬಂದೂಕಿನ ಕೈಪಿಡಿಯಲ್ಲಿದ್ದಂತೆ.

ಹೊತ್ತು ಮುಖ್ಯ. ಒಣಹವೆಯಲ್ಲಿ ಉಪ್ಪು ವಾರಗಟ್ಟಲೆ ಸುಮ್ಮನಿದ್ದೀತು, ಮಳೆಗಾಲದ ಗಾಳಿಯಲ್ಲಿ ರಾತ್ರಿ ಕಳೆಯುವುದರೊಳಗೆ ಕೆಲಸ ಶುರುಮಾಡೀತು. ಹಾಗಾಗಿ ರೇಂಜ್ ಬಿಡುವ ಮೊದಲೇ ಒದ್ದೆ ಬಟ್ಟೆ ತುಂಡುಗಳನ್ನು ನಾಲ್ಕೈದು ಸಲ ನಳಿಗೆಯಲ್ಲಿ ಎಳೆದು, ಹಿಂದೆ ಒಂದು ಎಣ್ಣೆಯ ತುಂಡು ಎಳೆದರೆ ಬಹುಪಾಲು ಉಪ್ಪು ಅಲ್ಲೇ ಹೋಗಿಬಿಡುತ್ತದೆ. ಪೂರ್ತಿ ತೊಳೆತ ಅದೇ ದಿನ, ಮನೆಗೆ ಬಂದ ಮೇಲೆ.

ಬೋಲ್ಟ್ ಹಿಂದಿನಿಂದ ಹೊರಬರುವ ರೈಫಲ್ ಆದರೆ ಕೆಲಸ ಸಲೀಸು. ಬಾಯಿ ಕೆಳಗೆ ಮಾಡಿ ಹಿಡಿದು, ಚೇಂಬರಿಗೆ ಸಣ್ಣ ರಬ್ಬರ್ ನಳಿಕೆ ಸಿಕ್ಕಿಸಿದ ಆಲಿಕೆ ಇಟ್ಟು, ಅರ್ಧದಿಂದ ಒಂದು ಲೀಟರ್ ಬಿಸಿನೀರು ಹೊಯ್ಯುವುದು. ಬ್ರಿಟಿಷ್ ಸಿಪಾಯಿಗಳು .303 ರೈಫಲ್ಲಿಗೆ ಮಾಡುತ್ತಿದ್ದದ್ದು ಇದನ್ನೇ. ನೀರು ಕುದಿಯುತ್ತಲೇ ಇರಬೇಕೆಂಬ ಕಟ್ಟಳೆಯಿಲ್ಲ, ತಣ್ಣೀರೂ ಉಪ್ಪು ಕರಗಿಸುತ್ತದೆ. ಬಿಸಿನೀರಿನ ಲಾಭ ಬೇರೆ: ಉಕ್ಕು ಬಿಸಿಯಾಗಿ ತನ್ನಷ್ಟಕ್ಕೇ ಒಣಗುತ್ತದೆ. ಕೈ ಸುಟ್ಟುಕೊಳ್ಳುವುದಕ್ಕೂ ಇದೇ ದಾರಿ, ಬಟ್ಟೆಯಿಂದ ಹಿಡಿಯಿರಿ. ನೀರು ಮರದ ಹಿಡಿಯೊಳಗೆ ಇಳಿಯದಂತೆ ಎಚ್ಚರವಿರಲಿ. ಸಾಧ್ಯವಿದ್ದರೆ ಮರವನ್ನು ಬೇರ್ಪಡಿಸಿಯೇ ತೊಳೆಯುವುದು ಲೇಸು. ಮರದ ಮರೆಯಲ್ಲಿ ನಿಂತ ನೀರು ನಳಿಗೆಯ ಹೊರಮೈಗೆ ತುಕ್ಕು ಹಿಡಿಸಿದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಬರೀ ನೀರು ಹೊಯ್ದು ಮುಗಿಸುವಂತಿಲ್ಲ. ಉಪ್ಪು ಮಸಿಯ ಪದರಗಳ ನಡುವೆಯೂ ಸಿಕ್ಕಿಕೊಂಡಿರುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬ್ರಷ್ಷನ್ನು ಹತ್ತಾರು ಸಲ ಎಳೆದು, ಮತ್ತೆ ನೀರು ಬಿಟ್ಟು, ಒದ್ದೆ ತುಂಡುಗಳಿಂದ ಒರೆಸಬೇಕು. ಚೇಂಬರನ್ನು ಮರೆಯುವವರೇ ಹೆಚ್ಚು, ಅಲ್ಲಿಗೆ ದಪ್ಪ ಬ್ರಷ್ ಬೇಕು. ಆಮೇಲೆ ಒಣ ತುಂಡುಗಳು, ಒಂದರ ಹಿಂದೊಂದು, ಪಸೆ ಹೋಗುವವರೆಗೆ. ಸಂದುಗೊಂದಿನ ನೀರನ್ನು ಹೊರದೂಡಲು ಡಬ್ಲ್ಯೂಡಿ-40 ಥರದ್ದು ಒಳ್ಳೆಯದು. ಅದರ ಹೆಸರಿನ ಮೊದಲೆರಡು ಅಕ್ಷರಗಳ ಅರ್ಥವೇ ನೀರನ್ನು ಸ್ಥಳಾಂತರಿಸುವುದು ಎಂದು. ಹಾಗೆಂದು ಅದನ್ನೇ ಕಾಪಿಡುವ ಎಣ್ಣೆಯೆಂದು ಬಿಟ್ಟುಬಿಡಬೇಡಿ, ತೆಳುವಾದ ಅದು ಬಹುಕಾಲ ನಿಲ್ಲುವುದಿಲ್ಲ.

ಇಲ್ಲಿಗೆ ಮುಗಿದದ್ದು ಉಪ್ಪಿನ ಪಾಲು. ಮದ್ದಿನ ಮಸಿ, ತಾಮ್ರದ ಲೇಪಗಳನ್ನು ತೆಗೆಯುವ ಎಂದಿನ ಸಾಲ್ವೆಂಟಿನ ಕೆಲಸ ಈಗ. ನಳಿಗೆಯಲ್ಲಿ ತಾಮ್ರ ದಪ್ಪಗೆ ಹತ್ತಿದ್ದರೆ ಅದರ ಕೆಳಗೂ ಉಪ್ಪು ಕೂತಿರಬಹುದು. ಬಟ್ಟೆ ತುಂಡು ಹಸಿರು-ನೀಲಿಯಾಗಿ ಬರುವುದು ನಿಂತ ಮೇಲೆ ಇನ್ನೊಮ್ಮೆ ನೀರು ಬಿಟ್ಟು ಒಣಗಿಸಿ. ಕೊನೆಗೆ ತೆಳುವಾಗಿ ಎಣ್ಣೆ. ಈ ಕೊಳೆಯಲ್ಲಿ ಸೀಸ, ಆಂಟಿಮನಿ ಇರುತ್ತವೆ, ಕೆಲವು ಹಳೆಯ ಪ್ರೈಮರುಗಳಲ್ಲಿ ಪಾದರಸವೂ. ಕೈಗವಸು ಹಾಕಿಕೊಳ್ಳಿ. ಪಾತ್ರೆ ತೊಳೆಯುವ ಜಾಗದಲ್ಲಿ ಈ ಕೆಲಸ ಮಾಡಬೇಡಿ.

ಅನಿಲ ಹೋದಲ್ಲೆಲ್ಲ

ನಳಿಗೆ ಮಿರಮಿರ ಮಿಂಚುತ್ತಿದ್ದು ಬೇರೆಡೆ ಕೊಳೆತ ಬಂದೂಕುಗಳು ಕಡಿಮೆಯಿಲ್ಲ. ಬೋಲ್ಟಿನ ಮುಖ, ಫೈರಿಂಗ್ ಪಿನ್ನಿನ ತೂತು, ಖಾಲಿ ಕೇಸನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರಿನ ಅಡಿ, ಇವೆಲ್ಲ ಪ್ರೈಮರಿಗೆ ತೀರ ಹತ್ತಿರದವು. ರಿವಾಲ್ವರ್ ಆದರೆ ಸಿಲಿಂಡರಿನ ಮುಂಬದಿ, ನಳಿಗೆಯ ಹಿಂಬಾಯಿ, ಎರಡರ ನಡುವಿನ ಸಂದಿನಿಂದ ಅನಿಲ ಚಿಮ್ಮುವ ಮೇಲ್ಪಟ್ಟಿ. ಮುಂಬಾಯಿಗೆ ಒದೆತ ತಗ್ಗಿಸುವ ಬ್ರೇಕ್ ಹಾಕಿದ್ದರೆ ಅದನ್ನು ಬಿಚ್ಚಿ ತಿರುಪಿನ ಎಳೆಗಳನ್ನೂ ತೊಳೆಯಬೇಕು.

ಅರೆಸ್ವಯಂಚಾಲಿತ ರೈಫಲ್ಲುಗಳಲ್ಲಿ ಅನಿಲದ ಒಂದು ಪಾಲನ್ನು ಕದ್ದು ಯಂತ್ರ ನಡೆಸುತ್ತಾರಾದ್ದರಿಂದ, ಉಪ್ಪಿನ ಓಡಾಟ ಇನ್ನೂ ಉದ್ದ. ಎಕೆ, ಎಸ್‌ಕೆಎಸ್ ಬಗೆಯಲ್ಲಿ ಗ್ಯಾಸ್ ಟ್ಯೂಬು, ಪಿಸ್ಟನ್, ಗ್ಯಾಸ್ ಬ್ಲಾಕಿನ ಒಳಗು. ಬಿಚ್ಚಿಬರುವ ಭಾಗಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿದರೆ ಸಾಕು, ಗ್ಯಾಸ್ ಬ್ಲಾಕಿಗೆ ಮಾತ್ರ ನೀರು ಹಾಯಿಸಿ ಪೈಪ್ ಕ್ಲೀನರಿನಿಂದ ಒರೆಸಬೇಕು. ಎಂ1 ಗ್ಯಾರಂಡ್‌ನಲ್ಲಿ ನಳಿಗೆಗೆ ಹಿಂದಿನಿಂದ ನೀರು ಹಾಕಲು ಎಡೆಯಿಲ್ಲ, ಗ್ಯಾಸ್ ಸಿಲಿಂಡರನ್ನೂ ಆಪರೇಟಿಂಗ್ ರಾಡಿನ ತುದಿಯನ್ನೂ ಬೇರೆಯಾಗಿಯೇ ನೋಡಿಕೊಳ್ಳಬೇಕು. ಅನಿಲವನ್ನು ನೇರ ಬೋಲ್ಟ್ ಕ್ಯಾರಿಯರಿಗೇ ಊದುವ ಎಆರ್-15 ಬಗೆಯವುಗಳಲ್ಲಂತೂ ಸಪೂರ ಕೊಳವೆಯೊಳಕ್ಕೆ ನೀರು ಹಾಯಿಸಿ, ಕ್ಯಾರಿಯರನ್ನು ಪೂರ್ತಿ ಬಿಚ್ಚಿ ತೊಳೆದು ಒಣಗಿಸಬೇಕು. ಉಳಿಸಿದ ಹಣಕ್ಕಿಂತ ದುಡಿಮೆ ಹೆಚ್ಚಾಗುವ ಕಡೆ ಇದು. ಅಂಥ ರೈಫಲ್ಲಿಗೆ ಈ ತೋಟಾ ಹಾಕದಿರುವುದೇ ಜಾಣತನ. ಬಿಚ್ಚಲು ಬಾರದ ಸೈಲೆನ್ಸರಿಗೂ ಅದೇ ಮಾತು.

'ನನ್ನದು ಕ್ರೋಮ್ ಲೇಪದ ನಳಿಗೆ, ಏನೂ ಆಗದು' ಎನ್ನುವವರಿದ್ದಾರೆ. ಕ್ರೋಮ್ ಒಳ್ಳೆಯ ರಕ್ಷಣೆ, ನಿಜ. ಆದರೆ ಗಟ್ಟಿ ಕ್ರೋಮಿನ ಪದರದಲ್ಲಿ ಕೂದಲೆಳೆಗಿಂತ ಸಪೂರದ ಬಿರುಕುಗಳು ಸಹಜವಾಗಿಯೇ ಇರುತ್ತವೆ. ಅನಿಲದ ತೂತು, ಬೋಲ್ಟು, ಹೊರಗಿನ ತಿರುಪುಗಳಿಗೆಲ್ಲ ಆ ಲೇಪವೂ ಇರುವುದಿಲ್ಲ. ಸ್ಟೇನ್‌ಲೆಸ್ ಉಕ್ಕಿಗೂ ಕ್ಲೋರೈಡ್ ಗುಳಿ ಬೀಳಿಸಬಲ್ಲದು.

ಗಾಜು ಒರೆಸುವ ಅಮೋನಿಯದ ಸ್ಪ್ರೇ ಹೊಡೆದರೆ ಉಪ್ಪು 'ನ್ಯೂಟ್ರಲ್' ಆಗುತ್ತದೆ ಎಂಬುದು ಇನ್ನೊಂದು ಜನಪ್ರಿಯ ನಂಬಿಕೆ. ಪೊಟ್ಯಾಸಿಯಂ ಕ್ಲೋರೈಡ್ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ, ಮೊದಲೇ ತಟಸ್ಥ. ಅದನ್ನು ಇನ್ನಷ್ಟು ತಟಸ್ಥಗೊಳಿಸುವುದು ಹೇಗೆ? ಆ ಸ್ಪ್ರೇಯ ಹೆಚ್ಚಿನ ಪಾಲು ನೀರು, ಕೆಲಸ ಮಾಡುವುದು ಅದೇ. ಅಮೋನಿಯ ಒಂದಿಷ್ಟು ತಾಮ್ರ ಕರಗಿಸೀತು, ಅಷ್ಟೇ. ಸೋವಿಯತ್ ಸೇನೆಯ ಹಳೆಯ ದ್ರಾವಣದಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಅಮೋನಿಯಂ ಕಾರ್ಬೊನೇಟ್, 3ರಿಂದ 5 ಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಇರುತ್ತಿತ್ತು. ನೀರು ಉಪ್ಪಿಗೆ, ಕಾರ್ಬೊನೇಟ್ ತಾಮ್ರಕ್ಕೆ, ಡೈಕ್ರೋಮೇಟ್ ಹೊಸ ತುಕ್ಕು ತಡೆಯಲಿಕ್ಕೆ. ಅವರ ಮೊಸಿನ್ ರೈಫಲ್ಲಿನ ಜೊತೆ ಕೊಡುತ್ತಿದ್ದ ಎಣ್ಣೆಡಬ್ಬಿಗೆ ಎರಡು ಬಾಯಿಗಳಿದ್ದವು, ಒಂದು ಕ್ಷಾರದ್ದು, ಇನ್ನೊಂದು ಎಣ್ಣೆಯದು. ಮೊದಲು ತೊಳೆ, ಆಮೇಲೆ ಎಣ್ಣೆ ಹಾಕು ಎಂಬ ಕ್ರಮವನ್ನು ಡಬ್ಬಿಯಲ್ಲೇ ಅಚ್ಚೊತ್ತಿದಂತಿತ್ತು. ಡೈಕ್ರೋಮೇಟ್ ಕ್ಯಾನ್ಸರ್ ತರುವ ವಿಷ, ಈ ದ್ರಾವಣವನ್ನು ಮನೆಯಲ್ಲಿ ತಯಾರಿಸಲು ಹೋಗಬೇಡಿ. ನೀರಿನೊಂದಿಗೆ ಬೆರೆಯುವ ಬ್ಯಾಲಿಸ್ಟಾಲ್‌ನಂಥ ಎಣ್ಣೆಯನ್ನು ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ಕಲಸಿದರೆ ಹಾಲಿನಂಥ ದ್ರವವಾಗುತ್ತದೆ. ನೀರು ಉಪ್ಪನ್ನು ಕರಗಿಸುತ್ತದೆ, ನೀರು ಆರಿದ ಮೇಲೆ ತೆಳು ಎಣ್ಣೆ ಉಳಿಯುತ್ತದೆ. ಜಾಣ ಉಪಾಯವೇ. ಆದರೆ ಕರಗಿದ ಉಪ್ಪು ಅಲ್ಲೇ ಆರದಂತೆ ಒರೆಸಿ ತೆಗೆಯಲೇಬೇಕು. ಕರಗಿದ್ದು ಹರಿದುಹೋಗದಿದ್ದರೆ ತೊಳೆದಂತಾಗಲಿಲ್ಲ.

ಮರುದಿನ, ಅದರ ಮರುದಿನ

ಅಮೆರಿಕದ ಹಳೆಯ ಸೇನಾ ಕೈಪಿಡಿಗಳು ಹಾರಿಸಿದ ದಿನವಲ್ಲದೆ ಮುಂದಿನ ಮೂರು ದಿನವೂ ನಳಿಗೆ ಶುಚಿ ಮಾಡಬೇಕೆಂದು ಹೇಳುತ್ತಿದ್ದವು. ಉಕ್ಕು 'ಬೆವರುತ್ತದೆ' ಎಂಬ ಹಳೆಯ ನಂಬಿಕೆಯ ನೆರಳು ಅದರಲ್ಲಿದೆ. ಮೊದಲ ದಿನವೇ ಸರಿಯಾಗಿ ತೊಳೆದಿದ್ದರೆ ಮೂರು ದಿನದ ವ್ರತ ಬೇಕಿಲ್ಲ. ಆದರೂ ಎರಡನೆಯ ದಿನವೋ ಮೂರನೆಯ ದಿನವೋ ಒಂದು ಬಿಳಿ ತುಂಡು ಎಳೆದು ನೋಡುವ ಅಭ್ಯಾಸ ಒಳ್ಳೆಯದು. ತುಂಡು ಬೆಳ್ಳಗೆ ಬಂದರೆ ಎಣ್ಣೆ ಸವರಿ ಒಳಗಿಡಿ. ಚಹಾ ಕಲೆಯಂಥ ತಿಳಿಗಂದು ಕಂಡರೆ ಎಲ್ಲೋ ಉಪ್ಪು ಉಳಿದಿದೆ, ಎಣ್ಣೆ ಡಬ್ಬಿಗೆ ಕೈಹಾಕದೆ ಮತ್ತೆ ನೀರಿನಿಂದಲೇ ಆರಂಭಿಸಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಮುಂದಿನ ಸಲ ಹಾರಿಸುವ ಮುನ್ನ ಒಣ ತುಂಡೊಂದನ್ನು ಎಳೆದು ನಳಿಗೆ, ಚೇಂಬರುಗಳ ಎಣ್ಣೆಯನ್ನು ಪೂರ್ತಿ ಒರೆಸಿ. ಚೇಂಬರಿನಲ್ಲಿ ಎಣ್ಣೆಯಿದ್ದರೆ ಕೇಸು ಗೋಡೆಗೆ ಹಿಡಿಯದೆ ಜಾರಿ, ಅದರ ಒತ್ತಡವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ.